ಸೋಮವಾರದ ಪಾಳಿ ಥೀಮ್ ಪಾರ್ಕಿಗೆ ಹೋದದ್ದು

2022ನೇ ಇಸವಿ. ನಾನು ಆಗ ಚಳ್ಳಕೆರೆಯ ಒಂದು ಡಯಾಲಿಸಿಸ್ ಘಟಕದಲ್ಲಿ ಹಿರಿಯ ಶುಶ್ರೂಷಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ಅಷ್ಟುದ್ದ, ರೋಗಿಗಳ ಬಾಯಲ್ಲಿ ಮಾತ್ರ ನಾನು ಬರೀ ಸಿಸ್ಟರ್. ನಿವೃತ್ತಿ ಹತ್ತಿರವಾಗಿತ್ತು. ಹೆರಿಗೆ ವಾರ್ಡು, ತುರ್ತು ಚಿಕಿತ್ಸೆ, ಕೋವಿಡ್ ವಾರ್ಡು ಎಲ್ಲವನ್ನೂ ಹಾದು ಬಂದವಳು ನಾನು. ಆದರೂ ಮರೆಯಲಾಗದ ಕೇಸ್ ಯಾವುದೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಒಂದು ಪ್ರವಾಸ. ಹಾಗೆಂದಾಗ ಕೇಳಿದವರು ನಗುತ್ತಾರೆ. ನಗಲಿ, ನಗುವಂಥದ್ದೂ ಅದರಲ್ಲಿ ಬೇಕಾದಷ್ಟಿತ್ತು.

ಡಯಾಲಿಸಿಸ್ ಎಂದರೇನು ಎಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದಾಗ ರಕ್ತದೊಳಗಿನ ಕಶ್ಮಲವೂ ಹೆಚ್ಚಿನ ನೀರೂ ದೇಹದಲ್ಲೇ ಉಳಿಯುತ್ತವೆ. ಯಂತ್ರವೊಂದು ರಕ್ತವನ್ನು ಹೊರಗೆಳೆದು, ಸೋಸಿ, ಮತ್ತೆ ಒಳಗೆ ಕಳಿಸುತ್ತದೆ. ಒಂದು ಸಲ ಮಲಗಿದರೆ ನಾಲ್ಕು ಗಂಟೆ. ನಮ್ಮಲ್ಲಿ ಹೆಚ್ಚಿನವರು ವಾರಕ್ಕೆ ಎರಡು ಸಲ ಬರುತ್ತಿದ್ದರು. ಸೂಜಿ ಚುಚ್ಚಲು ಅನುಕೂಲವಾಗಲೆಂದು ತೋಳಿನ ಎರಡು ರಕ್ತನಾಳಗಳನ್ನು ಶಸ್ತ್ರಚಿಕಿತ್ಸೆ ಮಾಡಿ ಕೂಡಿಸಿರುತ್ತಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಆ ಕೈಯನ್ನು ಕಣ್ಣಿನಂತೆ ಕಾಯ್ದುಕೊಳ್ಳಬೇಕು: ಭಾರ ಎತ್ತುವಂತಿಲ್ಲ, ಪೆಟ್ಟು ಬೀಳುವಂತಿಲ್ಲ.

ಇದೆಲ್ಲಕ್ಕಿಂತ ಕಷ್ಟವಾದದ್ದು ಬಾಯಾರಿಕೆ. ಮೂತ್ರ ಆಗದವರಿಗೆ ಕುಡಿದ ನೀರು ಹೊರಗೆ ಹೋಗುವ ದಾರಿಯಿಲ್ಲ. ಅದು ಕಾಲಿಗೆ, ಮುಖಕ್ಕೆ, ಕೊನೆಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ ನಮ್ಮ ರೋಗಿಗಳಿಗೆ ದಿನಕ್ಕೆ ಒಂದು ಸಣ್ಣ ಬಾಟಲಿ ನೀರು, ಅಷ್ಟೇ. ಏಪ್ರಿಲ್ ತಿಂಗಳಲ್ಲಿ ಚಳ್ಳಕೆರೆಯ ಬಿಸಿಲಿಗೆ ಮೈಯೊಡ್ಡಿದವರಿಗೆ ಈ ಶಿಕ್ಷೆ ಎಂಥದ್ದೆಂದು ನಾನು ವಿವರಿಸಬೇಕಾಗಿಲ್ಲ.

ಸೋಮವಾರ ಮತ್ತು ಗುರುವಾರ ಬೆಳಗಿನ ಪಾಳಿಯಲ್ಲಿ ಮೂವರು ಅಕ್ಕಪಕ್ಕದ ಹಾಸಿಗೆಗಳಲ್ಲಿ ಮಲಗುತ್ತಿದ್ದರು. ಬಾಗಿಲ ಬಳಿಯ ಹಾಸಿಗೆ ಮೆಹಬೂಬ್ ಭಾಯ್ ಅವರದು. ಲಾರಿ ಮೆಕ್ಯಾನಿಕ್. ಯಂತ್ರ ಸ್ವಲ್ಪ ಸದ್ದು ಬದಲಿಸಿದರೂ ಕಿವಿ ನಿಮಿರಿಸಿ, "ಸಿಸ್ಟರ್, ಇದರ ಬೇರಿಂಗ್ ಹೋಗೈತೆ" ಎನ್ನುತ್ತಿದ್ದರು. ಡಯಾಲಿಸಿಸ್ ಯಂತ್ರಕ್ಕೂ ಲಾರಿಗೂ ವ್ಯತ್ಯಾಸವಿದೆ ಎಂದು ನಾನು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ನಡುವಿನ ಹಾಸಿಗೆಯಲ್ಲಿ ತಳಕಿನ ಬೋರಣ್ಣ. ಅಲ್ಲಿ ಕಿರಾಣಿ ಅಂಗಡಿ ಇಟ್ಟವರು. ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯ ತುದಿಯಲ್ಲಿ ಗಾದೆ. ಕಿಟಕಿಯ ಪಕ್ಕ ರೇಣುಕಾ. ಇಪ್ಪತ್ತನಾಲ್ಕರ ಹುಡುಗಿ, ಮೊಳಕಾಲ್ಮುರು ತಾಲ್ಲೂಕಿನ ರಾಂಪುರದವಳು. ತಾಯಿ ಈರಮ್ಮನ ಜೊತೆ ಬಸ್ಸಿನಲ್ಲಿ ಬರುತ್ತಿದ್ದಳು. ಮೆಹಬೂಬ್ ಭಾಯ್ ಅವಳಿಗೆ ಚಾಚಾ. ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಅವಳಿಗೂ ಆ ಕೆಲಸ ಗೊತ್ತಿತ್ತು. ಫಿಸ್ಟುಲಾ ಆದಮೇಲೆ ಮಗ್ಗದಲ್ಲಿ ಕೂರುವುದು ನಿಂತಿತು. ತಾಯಿಯ ಮೂತ್ರಪಿಂಡ ಅವಳಿಗೆ ಹೊಂದಲಿಲ್ಲ. ಆ ವರದಿ ಬಂದ ಮೇಲೆ ಅವಳು ಮಾತು ಕಡಿಮೆ ಮಾಡಿದಳು.

ಆ ವರ್ಷದ ಗಣೇಶನ ಹಬ್ಬ ಕಳೆದ ಮೇಲೆ ಒಂದು ಗುರುವಾರ ರೇಣುಕಾ ಬರಲಿಲ್ಲ. ಬಸ್ಸು ತಪ್ಪಿರಬೇಕು ಎಂದುಕೊಂಡೆ. ಸೋಮವಾರವೂ ಬರಲಿಲ್ಲ. ಫೋನ್ ಮಾಡಿದರೆ ಈರಮ್ಮ ಅಳುತ್ತಾ, "ಬರಲ್ಲ ಅಂತಾಳೆ ಅಮ್ಮಾ, ಬಾಗ್ಲು ಹಾಕ್ಕೊಂಡವ್ಳೆ" ಎಂದಳು. ಮರುದಿನ ರೇಣುಕಾ ಆಂಬುಲೆನ್ಸ್‌ನಲ್ಲಿ ಬಂದಳು. ಮುಖ ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಶ್ವಾಸಕೋಶಕ್ಕೆ ನೀರು ಇಳಿದಿತ್ತು. ಯಂತ್ರಕ್ಕೆ ಹಾಕಿ, ನೀರು ತೆಗೆದು, ಅವಳು ಮಾತಾಡುವಂತಾಗುವ ಹೊತ್ತಿಗೆ ನನಗೂ ಉಸಿರು ಬಂದಂತಾಯಿತು. ಭಯ ಇಳಿದ ಕೂಡಲೇ ನನಗೆ ಕೋಪ ಬರುತ್ತದೆ, ಅದು ನನ್ನ ಹುಟ್ಟುಗುಣ.

"ಏನೇ, ಆಟ ಅಂದ್ಕೊಂಡಿದ್ದೀಯಾ ಇದನ್ನ? ಇನ್ನೊಂದು ದಿನ ತಡ ಮಾಡಿದ್ರೆ ಏನಾಗ್ತಿತ್ತು ಗೊತ್ತಾ?"

"ಗೊತ್ತು" ಎಂದಳು. ಅಷ್ಟು ತಣ್ಣಗೆ ಹೇಳಿದ ಮಾತು ಕೇಳಿ ನನ್ನ ಕೋಪವೆಲ್ಲ ಜರ್ರನೆ ಇಳಿಯಿತು.

ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಬುದ್ಧಿ ಹೇಳುವುದು ನಮ್ಮ ವೃತ್ತಿಯ ಕೆಟ್ಟ ಚಾಳಿ. ಅದನ್ನು ಬಿಟ್ಟು, ನಿನಗೆ ಏನು ಆಸೆಯಿದೆ ಹೇಳು ಎಂದು ಕೇಳಿದೆ. ನನ್ನ ಬಾಯಿ ಮುಚ್ಚಿಸಬೇಕೆಂದೇ ಇರಬೇಕು, ಆಗದ ಕೆಲಸವನ್ನೇ ಹುಡುಕಿ ಹೇಳಿದಳು: "ಹತ್ತನೇ ಕ್ಲಾಸಿನಾಗೆ ಎಲ್ರೂ ಬೆಂಗ್ಳೂರಿನ ಥೀಮ್ ಪಾರ್ಕಿಗೆ ಟೂರ್ ಹೋದ್ರು. ನಂಗೆ ಅವತ್ತೇ ಮೊದಲ ಸಲ ಮುಖ ಊದಿದ್ದು. ನಾ ಹೋಗ್ಲಿಲ್ಲ. ಕರ್ಕೊಂಡೋಗ್ತೀರಾ ಅಕ್ಕಾ?"

ನನಗೆ ಬಾಯಿ ಮುಂದೆ, ಬುದ್ಧಿ ಹಿಂದೆ. "ಡಿಸೆಂಬರಿನಲ್ಲಿ ಹೋಗೋಣ. ಅಲ್ಲಿವರೆಗೂ ಒಂದು ಡಯಾಲಿಸಿಸ್ಸೂ ತಪ್ಪಿಸಕೂಡದು" ಎಂದುಬಿಟ್ಟೆ. ಸೋಮವಾರ ಯಂತ್ರ ಕೆಟ್ಟದ್ದರಿಂದ ಅಂದು ಬಂದಿದ್ದ, ಪಕ್ಕದ ಹಾಸಿಗೆಯಲ್ಲಿ ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದ ಬೋರಣ್ಣ ಕಣ್ಣು ತೆರೆಯದೆಯೇ, "ಹೂಂ, ಕುಂಟನಿಗೆ ಎಂಟು ಚೇಷ್ಟೆ" ಎಂದರು.

ಆಡಿದ ಮಾತನ್ನು ಉಳಿಸಿಕೊಳ್ಳಬೇಕಲ್ಲ. ಮೊದಲು ಡಾಕ್ಟರ ಬಳಿ ಹೋದೆ. ಅವರು ನನ್ನನ್ನು ಒಂದು ಸಲ ನೋಡಿ, ಕನ್ನಡಕ ತೆಗೆದು ಇನ್ನೊಂದು ಸಲ ನೋಡಿದರು. ಆಗುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕಾಗದ ಎಳೆದುಕೊಂಡು ಷರತ್ತು ಬರೆಯತೊಡಗಿದರು. ನೀರಿನ ಆಟ ಬೇಡ, ಹಿಂದಿನ ದಿನ ಸೂಜಿ ಚುಚ್ಚಿದ ಜಾಗ ಇನ್ನೂ ಹಸಿಯಾಗಿರುತ್ತದೆ. ರೋಲರ್ ಕೋಸ್ಟರ್‌ನಂಥ ಜೋರಿನ ಆಟ ಬೇಡವೇ ಬೇಡ, ರಕ್ತದೊತ್ತಡ ಏರುತ್ತದೆ, ಅಲ್ಲಿನ ಕಬ್ಬಿಣದ ಪಟ್ಟಿ ಫಿಸ್ಟುಲಾ ಕೈಯನ್ನು ಒತ್ತಿದರೆ ಆ ಕೈಯೇ ಹಾಳಾಗುತ್ತದೆ. ನಿಧಾನವಾಗಿ ತಿರುಗುವ ದೊಡ್ಡ ಚಕ್ರ ಹತ್ತಬಹುದು. ಎಳನೀರು, ಕಿತ್ತಳೆ, ಬಾಳೆಹಣ್ಣು ಮುಟ್ಟುವಂತಿಲ್ಲ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡ ಕೆಟ್ಟಿರುವಾಗ ಅದು ರಕ್ತದಲ್ಲೇ ಉಳಿದು ಹೃದಯವನ್ನೇ ನಿಲ್ಲಿಸಬಹುದು. ಕೊನೆಗೆ, "ನೀವು ಜೊತೆಗಿದ್ದರೆ ಮಾತ್ರ" ಎಂದು ಬರೆದು ಸಹಿ ಹಾಕಿದರು. ಆ ಡಾಕ್ಟರಿಗೆ ನಾನು ಇವತ್ತಿಗೂ ಋಣಿ. ಬೇಡ ಎನ್ನುವುದು ಅವರಿಗೆ ಎಷ್ಟು ಸುಲಭವಿತ್ತು!

ಚಳಿಗಾಲವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಧನುರ್ಮಾಸದ ತಂಪಿನಲ್ಲಿ ಬಾಯಾರಿಕೆ ಕಡಿಮೆ. ದಿನ ಯಾವುದಿರಬೇಕು ಎಂಬುದಕ್ಕೂ ಲೆಕ್ಕಾಚಾರ ಬೇಕಿತ್ತು. ಡಯಾಲಿಸಿಸ್ ಆದ ದಿನ ರೋಗಿ ಹಿಂಡಿದ ಬಟ್ಟೆಯಂತಾಗಿರುತ್ತಾರೆ. ಮರುದಿನ ಬೆಳಗ್ಗೆ ಮೈ ಹಗುರ, ಊಟ ರುಚಿ, ಮುಖದಲ್ಲಿ ಕಳೆ. ಹಾಗಾಗಿ ಶುಕ್ರವಾರ ಇಲ್ಲವೇ ಮಂಗಳವಾರ. ಶುಕ್ರವಾರ ಹೋದರೆ ಮುಂದಿನ ಡಯಾಲಿಸಿಸ್‌ಗೆ ಸೋಮವಾರದವರೆಗೆ ಕಾಯಬೇಕು, ಮಂಗಳವಾರವಾದರೆ ಗುರುವಾರವೇ ಬಂದುಬಿಡುತ್ತದೆ. ಮಂಗಳವಾರ ಎಂದು ಗಟ್ಟಿಮಾಡಿದೆ.

ವಿಷಯ ಕಿವಿಗೆ ಬಿದ್ದದ್ದೇ ಮೆಹಬೂಬ್ ಭಾಯ್ ತಾವೂ ಬರುತ್ತೇನೆಂದರು. ವಾಹನದ ಚಿಂತೆ ನಿಮಗೆ ಬೇಡ ಎಂದು, ತಮ್ಮ ಗ್ಯಾರೇಜಿಗೆ ಬರುವ ಒಬ್ಬರ ಟೆಂಪೋ ಟ್ರಾವೆಲರನ್ನು ತಾವೇ ಒಪ್ಪಿಸಿದರು. ಅದರ ಬ್ರೇಕನ್ನು ಮಗನ ಕೈಯಲ್ಲಿ ಬಿಚ್ಚಿಸಿ ಎದುರಿಗೆ ಕೂತು ನೋಡಿದರಂತೆ. ಬೋರಣ್ಣ ಮಾತ್ರ ಮೂತಿ ತಿರುವಿದರು.

"ಅಷ್ಟು ದೂರ ಹೋಗೋದೇ ಆದ್ರೆ ದೇವಸ್ಥಾನಕ್ಕೆ ಹೋಗಾನ. ಜಟಿಂಗ ರಾಮೇಶ್ವರ ಐತಲ್ಲ, ಇಲ್ಲೇ. ಮುದುಕ್ರೆಲ್ಲಾ ಉಯ್ಯಾಲೆ ಆಡಾಕೆ ಬೆಂಗ್ಳೂರಿಗೆ ಹೋಗಬೇಕಾ?"

"ಜಟಿಂಗ ರಾಮೇಶ್ವರದ ಮೆಟ್ಲು ನೀವು ಹತ್ತಬಲ್ಲಿರಾ?" ಎಂದೆ. ಅವರು ತಮ್ಮ ಕಾಲು ನೋಡಿಕೊಂಡರು. ಮುಂದಿನ ಸೋಮವಾರ, "ನಮ್ಮ ಮಗಳನ್ನ ಶಿರಾ ತಾವ ಕೊಟ್ಟಿರಾದು. ದಾರಿಯಾಗೆ ಸಿಗ್ತಾಳೆ. ಅವ್ಳ ಮಖ ನೋಡಿದಂಗೂ ಆಯ್ತು" ಎಂದರು. ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಿದರೆ ಬೋರಣ್ಣನ ಮರ್ಯಾದೆ ಏನಾಗಬೇಕು!

ನೀರಿನ ಉಪಾಯವೂ ಆ ಪಾಳಿಯಲ್ಲೇ ಹುಟ್ಟಿತು. ಇಡೀ ದಿನ ಹೊರಗಿದ್ದು, ಒಬ್ಬೊಬ್ಬರೂ ಒಂದೊಂದು ಸಣ್ಣ ಬಾಟಲಿಯಲ್ಲೇ ದಿನ ಕಳೆಯಬೇಕು. ಬೋರಣ್ಣ ಮಧ್ಯಾಹ್ನಕ್ಕೆ ಮೊದಲೇ ಖಾಲಿ ಮಾಡಿ ಇನ್ನೊಂದಕ್ಕೆ ಕೈಯೊಡ್ಡುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಮೆಹಬೂಬ್ ಭಾಯ್ ಹೇಳಿದರು, "ತನ್ನ ನೀರು ತನ್ನ ಕೈಲಿದ್ರೆ ಕೈ ತಾನೇ ಹೋಗ್ತದೆ ಸಿಸ್ಟರ್. ರಂಜಾನಿನಾಗೆ ನಾವು ಅಡುಗೆಮನೆ ಕಡೆ ಹೋಗಲ್ಲ, ಹಂಗೆ. ನನ್ನ ಬಾಟ್ಲಿ ರೇಣುಕಾ ಬೇಟಿ ಹತ್ರ ಇರ್ಲಿ, ಅವಳದ್ದು ಬೋರಣ್ಣನ ಹತ್ರ, ಬೋರಣ್ಣಂದು ನನ್ ಹತ್ರ. ಬೇಕಾದೋರು ಕೇಳಿ ಇಸ್ಕಬೇಕು. ಬೇರೆ ಎಲ್ಲೂ ಕುಡಿಯಂಗಿಲ್ಲ." ಕೇಳುವುದಕ್ಕೆ ನಾಚಿಕೆಯಾಗಿ ಅರ್ಧ ಬಾಯಾರಿಕೆ ಅಲ್ಲೇ ಸಾಯುತ್ತದೆ ಎಂಬುದು ಅವರ ಲೆಕ್ಕ. ಬೋರಣ್ಣ, "ನನ್ ನೀರಿಗೆ ಇವನ ಮುಂದೆ ಕೈಯೊಡ್ಡಬೇಕಾ?" ಎಂದು ಹಾರಾಡಿದರು. ಅವರು ಹಾರಾಡಿದ್ದನ್ನು ನೋಡಿಯೇ ಉಪಾಯ ಸರಿಯಾಗಿದೆ ಎಂದು ನನಗೆ ಖಾತ್ರಿಯಾಯಿತು.

ರೇಣುಕಾ ಮಾತಿಗೆ ತಪ್ಪಲಿಲ್ಲ. ಪ್ರತಿ ಸೋಮವಾರ, ಪ್ರತಿ ಗುರುವಾರ ಬಂದಳು. ಹುಡುಗಿ ದಾರಿಗೆ ಬಂದಳೆಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಪ್ರವಾಸಕ್ಕೆ ಒಂದು ವಾರವಿರುವಾಗ ಈರಮ್ಮ ನನ್ನನ್ನು ಹೊರಗೆ ಕರೆದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದಳು, "ಅಮ್ಮಾ, ಅದೊಂದು ನೋಡ್ಕಂಡು ಬರ್ತೀನಿ, ಆಮೇಲೆ ನನ್ನ ಬಿಟ್ಬಿಡವ್ವ, ಮತ್ತೆ ಮಿಷನ್ ತಾವ ಕರ್ಕಂಡೋಗಬ್ಯಾಡ ಅಂತ ಕೈ ಮೇಲೆ ಆಣೆ ಕೇಳ್ತಾಳೆ. ನಾನೇನ್ ಮಾಡ್ಲಿ?"

ಬದುಕಿಗೆ ಎಳೆದು ತರಲು ನಾನು ಪ್ರವಾಸ ಹೂಡಿದ್ದೆ, ಅವಳು ಅದನ್ನು ಕೊನೆಯ ಆಸೆಯೆಂದು ತೆಗೆದುಕೊಂಡಿದ್ದಳು. ಪ್ರವಾಸ ರದ್ದು ಮಾಡಿದರೆ ಅಂದಿನಿಂದಲೇ ಬರುವುದು ನಿಲ್ಲಿಸುತ್ತಾಳೆ, ಕರೆದುಕೊಂಡು ಹೋದರೆ ಬಂದ ಮೇಲೆ ನಿಲ್ಲಿಸುತ್ತಾಳೆ. ಅತ್ತ ದರಿ, ಇತ್ತ ಪುಲಿ. ಡಾಕ್ಟರಿಗೆ ತಿಳಿಸಿದೆ. ಅವರು ರೇಣುಕಾಳ ಜೊತೆ ಬಹಳ ಹೊತ್ತು ಮಾತಾಡಿದರು. ಅವಳು ಎಲ್ಲದಕ್ಕೂ ಹೂಂಗುಟ್ಟಿದಳು. "ಕರ್ಕೊಂಡು ಹೋಗಿ ಸಿಸ್ಟರ್. ಕೊಟ್ಟ ಮಾತು ನಾವು ಮುರಿಯೋದು ಬೇಡ. ಕಣ್ಣಿಡಿ" ಎಂದರು ಡಾಕ್ಟರು.

ಮಂಗಳವಾರ ಇನ್ನೂ ಬೆಳಕು ಹರಿಯುವ ಮೊದಲೇ ಹೊರಟೆವು. ಮೂವರು ರೋಗಿಗಳು, ಈರಮ್ಮ, ನಾನು, ಡ್ರೈವರ್. ನನ್ನ ಚೀಲದಲ್ಲಿ ರಕ್ತದೊತ್ತಡದ ಯಂತ್ರ, ಬ್ಯಾಂಡೇಜು, ತುರ್ತಿನ ಔಷಧಿ. ದಾರಿಯುದ್ದಕ್ಕೂ ಯಾವ ಯಾವ ಊರಿನಲ್ಲಿ ಡಯಾಲಿಸಿಸ್ ಸಿಗುತ್ತದೆ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿಕೊಂಡಿದ್ದೆ. ಉಪ್ಪಿಲ್ಲದ ಚಪಾತಿ ಕಟ್ಟಿಕೊಂಡಿದ್ದೆ, ಅದನ್ನು ಎಲ್ಲರೂ ಬೈದುಕೊಂಡು ತಿಂದರು. ಎಲ್ಲವನ್ನೂ ಯೋಚಿಸಿದ್ದೇನೆ ಎಂದು ನನಗೆ ನಂಬಿಕೆಯಿತ್ತು. ಶಿರಾದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಬೋರಣ್ಣನ ಮಗಳು ನಿಂತಿದ್ದನ್ನು ನೋಡಿದಾಗ ಆ ನಂಬಿಕೆ ಹೋಯಿತು.

ರಸ್ತೆ ಬದಿಯಲ್ಲಿ ಒಂದು ರಾಶಿ ಎಳನೀರು. ಪಕ್ಕದಲ್ಲಿ ಮಚ್ಚು ಹಿಡಿದ ಅಳಿಯ. ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ. "ಅಪ್ಪ ಬಂದ, ಅಪ್ಪನ ಜೊತೆಗೆ ಆಸ್ಪತ್ರೆಯೋರೆಲ್ಲಾ ಬಂದ್ರು" ಎಂದು ಆ ಹೆಣ್ಣುಮಗಳು ಸಂಭ್ರಮದಲ್ಲಿ ಓಡಿ ಬಂದಳು. ಅಪ್ಪನಿಗೆ ಎಳನೀರು ಆಗದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಬಿಗುಮಾನದ ಬೋರಣ್ಣ ಮಗಳಿಗೆ, "ಏನೋ ಸಣ್ಣ ಟ್ರೀಟ್ಮೆಂಟು" ಎಂದಷ್ಟೇ ಹೇಳಿದ್ದರಂತೆ. ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಕೊಟ್ಟ ನೀರು ಬೇಡವೆನ್ನುವುದು ಜಗಳ ತೆಗೆಯುವುದಕ್ಕೆ ಸಮ. ಅದರಲ್ಲೂ ಕೊಟ್ಟ ಮಗಳ ಮನೆಯ ನೀರು! ಬೋರಣ್ಣ ಆಗಲೇ ಒಂದು ಎಳನೀರಿಗೆ ಕೈಚಾಚಿದ್ದರು. ನಾನು ಅವರ ರಟ್ಟೆ ಹಿಡಿದುಕೊಂಡೆ. ಅಳಿಯನ ಮುಖ ಕೆಂಪಗಾಯಿತು.

ಆಗ ಅಲ್ಲಿಯವರೆಗೂ ಕಿಟಕಿಗೆ ತಲೆಯಾನಿಸಿ ಕೂತಿದ್ದ ರೇಣುಕಾ ಇಳಿದು ಬಂದಳು. ಚಪ್ಪಲಿ ಬಿಟ್ಟು, ಸೀದಾ ಆ ಹೆಣ್ಣುಮಗಳ ಮುಂದೆ ನಿಂತು, "ಅಕ್ಕಾ, ಕುಡಿಯಾಕೆ ನಮ್ಗೆ ಯಾರಿಗೂ ಆಗಲ್ಲ, ಡಾಕ್ಟ್ರು ಬ್ಯಾಡ ಅಂದವ್ರೆ. ಕಾಲಿಗೆ ನೀರು ಕೊಡು" ಎಂದಳು.

ಮನೆಗೆ ಬಂದವರಿಗೆ ಕಾಲು ತೊಳೆಯಲು ನೀರು ಕೊಡುವುದೂ ಮರ್ಯಾದೆಯೇ ಅಲ್ಲವೇ. ಅದು ನನಗೆ ಹೊಳೆದಿರಲಿಲ್ಲ. ಮಗಳು ತಂಬಿಗೆ ಎತ್ತಿ ರೇಣುಕಾಳ ಕಾಲಿಗೆ ನೀರು ಹನಿಸಿದಳು, ಮೆಹಬೂಬ್ ಭಾಯ್‌ಗೆ, ಈರಮ್ಮನಿಗೆ, ಕೊನೆಯಲ್ಲಿ ಅಪ್ಪನಿಗೆ. ಅಪ್ಪನ ಊದಿದ ಪಾದ ನೋಡಿದವಳು ತಲೆಯೆತ್ತಿ, "ಎಷ್ಟು ದಿನದಿಂದ ಹಿಂಗೈತಪ್ಪಾ?" ಎಂದಳು. ಬೋರಣ್ಣ ಆ ಹೊತ್ತಿಗೆ ಯಾವ ಗಾದೆಯನ್ನೂ ಹೇಳಲಿಲ್ಲ. ಹೆದ್ದಾರಿಯ ಪಕ್ಕದಲ್ಲೇ ಕೂತು ಮಗಳಿಗೆ ಎಲ್ಲ ಹೇಳಿದರು. ಎಳನೀರನ್ನು ಡ್ರೈವರ್ ಮತ್ತು ನಾನು ಕುಡಿದು ಮನೆಯವರ ಮಾನ ಉಳಿಸಿದೆವು.

ಥೀಮ್ ಪಾರ್ಕ್ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಒಳಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಶಾಲೆಯ ಮಕ್ಕಳು, ಎಲ್ಲಿ ನೋಡಿದರೂ ನೀರು. ಮೇಲಿಂದ ಬೀಳುವ ನೀರು, ಜಾರುವ ನೀರು, ಅಲೆ ಏಳುವ ಕೊಳ. ಮೆಹಬೂಬ್ ಭಾಯ್ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಯಾ ಅಲ್ಲಾ, ಇಷ್ಟು ಪಾನಿ! ನಮಗೆ ಮಾತ್ರ ಒಂದು ಬಾಟ್ಲಿ" ಎಂದು ನಕ್ಕರು. ಬೋರಣ್ಣ ಬಗ್ಗಿ ಅಲೆಯ ಕೊಳದ ನೀರು ಮುಟ್ಟಿ ನೋಡಿ, "ನಮ್ಮೂರಿನ ಕೆರೆ ತುಂಬಿದ್ರೂ ಇಷ್ಟು ಇರಾಕಿಲ್ಲ" ಎಂದರು. ಗಾಲಿಕುರ್ಚಿ ಬೇಕೇ ಎಂದು ಗೇಟಿನವನು ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂದಿತ್ತು. ಅರ್ಧ ಗಂಟೆಯಲ್ಲಿ ತಾವೇ ಹೋಗಿ ಒಂದನ್ನು ತಂದುಕೊಂಡರು. ಪುಟ್ಟ ರೈಲು ಹತ್ತಿದೆವು. ಬೊಂಬೆಗಳು ಕುಣಿಯುವ ಗುಹೆಯೊಳಗೆ ದೋಣಿಯಲ್ಲಿ ಹೋದೆವು, ಅಲ್ಲಿ ಈರಮ್ಮ ಒಂದು ರಾಕ್ಷಸನ ಬೊಂಬೆಗೆ ಕೈಮುಗಿದಳು. ಬೋರಣ್ಣ ಬೆಳಗಿನಿಂದ ಎರಡೇ ಸಲ ನೀರು ಕೇಳಿದ್ದರು. ಕೇಳಿದಾಗಲೆಲ್ಲ ಮೆಹಬೂಬ್ ಭಾಯ್, "ಹೇಳಪ್ಪಾ, ಏನು ಬೇಕಿತ್ತು?" ಎಂದು ಬೇಕೆಂದೇ ಕೆಣಕುತ್ತಿದ್ದರು.

ಊಟವಾದ ಮೇಲೆ ಒಂದು ಮರದ ನೆರಳಿನಲ್ಲಿ ಕೂತಿದ್ದೆವು. ನಾನು ಬೋರಣ್ಣನ ರಕ್ತದೊತ್ತಡ ನೋಡುತ್ತಿದ್ದೆ. ತಲೆಯೆತ್ತಿದರೆ ರೇಣುಕಾ ಇಲ್ಲ. ಶೌಚಾಲಯಕ್ಕೆ ಹೋಗಿದ್ದಾಳೆ ಎಂದಳು ಈರಮ್ಮ. ಓಡಿಹೋಗಿ ನೋಡಿದೆ. ಅಲ್ಲಿ ಇಲ್ಲ. ಫೋನ್ ಮಾಡಿದರೆ ಅದು ಈರಮ್ಮನ ಚೀಲದಲ್ಲಿ ಬಡಿದುಕೊಂಡಿತು. ತಲೆಯ ಮೇಲೆ ರೋಲರ್ ಕೋಸ್ಟರ್ ಗರ್ರನೆ ಹಾದುಹೋಯಿತು, ಅದರೊಳಗಿನವರು ಕಿರುಚುತ್ತಿದ್ದರು. ಆ ಸದ್ದು ಕೇಳಿದ ಕೂಡಲೇ ಅವಳು ಎಲ್ಲಿಗೆ ಹೋಗಿದ್ದಾಳೆಂದು ನನಗೆ ಗೊತ್ತಾಯಿತು. ಕೊನೆಯ ದಿನ ಎಂದುಕೊಂಡು ಬಂದವಳಿಗೆ ಯಾವ ಷರತ್ತು ತಾನೇ ಏನು ಮಾಡೀತು?

ಮೆಹಬೂಬ್ ಭಾಯ್ ಬೆಂಚಿನ ಮೇಲೆ ಕೂತಿದ್ದರು. ಊಟದ ನಂತರದ ಮಾತ್ರೆ ಅಂಗೈಯಲ್ಲೇ ಇತ್ತು. "ಅದನ್ನ ನುಂಗಿ, ಇಲ್ಲೇ ಇರಿ, ಅವಳನ್ನ ಹುಡುಕಿ ಬರ್ತೀನಿ" ಎಂದು ನನ್ನ ಬಾಟಲಿ ಕೊಡಹೋದೆ. ಅವರು ತಲೆಯಾಡಿಸಿದರು.

"ನನ್ ನೀರು ಬೇಟಿ ಹತ್ರ ಐತೆ ಸಿಸ್ಟರ್. ಮಾತು ಅಂದ್ರೆ ಮಾತು. ಅವ್ಳು ಬರ್ತಾಳೆ."

"ಭಾಯ್, ಇದು ಹಟ ಮಾಡೋ ಹೊತ್ತಲ್ಲ!"

"ನಾ ಹಟ ಮಾಡ್ತಿಲ್ಲ. ಕಾಯ್ತಾ ಇದ್ದೀನಿ."

ಅವರೊಡನೆ ವಾದಿಸುವಷ್ಟು ಸಮಯ ನನಗಿರಲಿಲ್ಲ. ರೋಲರ್ ಕೋಸ್ಟರ್ ಕಡೆ ಓಡಿದೆ. ಅರ್ಧ ದಾರಿ ಹೋಗಿರಬೇಕು, ಮಕ್ಕಳ ಗುಂಪನ್ನು ಸೀಳಿಕೊಂಡು ರೇಣುಕಾ ಎದುರಿಗೆ ಬಂದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ನನ್ನನ್ನು ಕಂಡರೂ ನಿಲ್ಲದೆ, "ಚಾಚಾ ಮಾತ್ರೆ ನುಂಗಿದ್ರಾ?" ಎಂದಳು.

ಆಮೇಲೆ ಅವಳೇ ಹೇಳಿದ್ದು: ಸಾಲಿನಲ್ಲಿ ಅವಳ ಮುಂದೆ ಇಬ್ಬರೇ ಉಳಿದಿದ್ದರು. ಆಟಕ್ಕೆ ಹತ್ತುವ ಮೊದಲು ಚೀಲಗಳನ್ನು ಪಕ್ಕದ ಕಪಾಟಿನಲ್ಲಿ ಇಡಬೇಕು. ಚೀಲ ಎತ್ತಿ ಇಡುವಾಗ ಒಳಗಿನ ಬಾಟಲಿ ಕೈಗೆ ತಗುಲಿತು. ಬೆಳಗಿನಿಂದ ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಚಾಚಾ ಒಮ್ಮೆಯೂ ಕೇಳಿಲ್ಲವೆಂಬುದು ಅವಳಿಗೆ ಆಗಲೇ ಹೊಳೆದದ್ದು. ಊಟ ಆಗಿದೆ, ಮಾತ್ರೆ ನುಂಗಬೇಕು, ನೀರು ತನ್ನ ಹತ್ತಿರ ಇದೆ. ಸಾಲು ಬಿಟ್ಟು ಬಂದಳು.

ಬೆಂಚಿನ ಬಳಿ ಬಂದವಳೇ ಮೆಹಬೂಬ್ ಭಾಯ್ ಮೇಲೆ ಹರಿಹಾಯ್ದಳು. "ಯಾಕೆ ಕುಡೀಲಿಲ್ಲ ನೀವು? ಅಲ್ಲೇ ನಲ್ಲಿ ಐತಲ್ಲ! ಸಿಸ್ಟರ್ ತಾವ ನೀರಿತ್ತಲ್ಲ!"

"ಅದು ಅವರದ್ದು. ನಂದು ನಿನ್ ಹತ್ರ ಐತೆ."

"ನಾ ಬರ್ದೇ ಇದ್ದಿದ್ರೆ?"

"ಬರ್ತೀಯಲ್ಲಮ್ಮಾ" ಎಂದರು ಅವರು, ಅದರಲ್ಲಿ ಕೇಳುವುದೇನಿದೆ ಎನ್ನುವಂತೆ. "ನೀ ಬರೋ ತನಕ ಕೂತಿರ್ತಿದ್ದೆ."

ರೇಣುಕಾ ಮುಚ್ಚಳ ತೆಗೆದು ಬಾಟಲಿ ಕೊಟ್ಟಳು. ಅವರು ಮಾತ್ರೆ ಬಾಯಿಗೆ ಹಾಕಿ, ಎರಡೇ ಗುಟುಕು ಕುಡಿದು, ಬಾಟಲಿಯನ್ನು ಮತ್ತೆ ಅವಳ ಕೈಗೇ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತು, ಶಾಲೆಯ ಮಕ್ಕಳೆಲ್ಲ ತಿರುಗಿ ನೋಡುವಂತೆ ಅತ್ತಳು. ಕಾಯಿಲೆ ಬಂದಾಗಿನಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಈರಮ್ಮ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ನಾನು ಬೈಯಬೇಕೆಂದುಕೊಂಡು ಬಂದಿದ್ದೆ, ನನ್ನ ಕಣ್ಣಲ್ಲೂ ನೀರು. ಬೋರಣ್ಣ ಗಾಲಿಕುರ್ಚಿಯಿಂದ ಬಗ್ಗಿ ತಮ್ಮ ಬಳಿ ಇದ್ದ ರೇಣುಕಾಳ ಬಾಟಲಿ ಚಾಚಿ, "ತಗಾ ಮಗ, ಒಂದು ಗುಟುಕು ಕುಡಿ. ಅಷ್ಟು ಅತ್ತಿದೀಯ, ಲೆಕ್ಕಕ್ಕೆ ಸರಿಹೋಗ್ತೈತೆ" ಎಂದರು. ಅಳುತ್ತಲೇ ನಕ್ಕಳು.

ಸಂಜೆಯ ಬಿಸಿಲಿನಲ್ಲಿ ದೊಡ್ಡ ಚಕ್ರ ಹತ್ತಿದೆವು. ಐದೂ ಜನ ಒಂದೇ ಗಾಜಿನ ಗೂಡಿನಲ್ಲಿ. ಮೇಲೆ ಹೋದ ಹಾಗೆ ಈರಮ್ಮ ಕಣ್ಣು ಮುಚ್ಚಿಕೊಂಡು ಊರಿನ ಎಲ್ಲ ದೇವರನ್ನೂ ಕರೆದಳು. ರೇಣುಕಾ ಗಾಜಿಗೆ ಹಣೆ ಹಚ್ಚಿ, "ನಮ್ಮ ಕಡೆ ಯಾವುದಕ್ಕಾ?" ಎಂದು ಕೇಳಿದಳು. ನನಗೂ ದಿಕ್ಕು ಗೊತ್ತಾಗಲಿಲ್ಲ. ಬೋರಣ್ಣ ಒಂದು ಕಡೆ ತೋರಿಸಿದರು, ಮೆಹಬೂಬ್ ಭಾಯ್ ಇನ್ನೊಂದು ಕಡೆ. ಇಳಿಯುವವರೆಗೂ ಆ ಜಗಳ ಮುಗಿಯಲಿಲ್ಲ. ಆ ಹತ್ತು ನಿಮಿಷ ನಾನು ಸಿಸ್ಟರ್ ಎಂಬುದನ್ನೇ ಮರೆತಿದ್ದೆ.

ಬುಧವಾರ ಒಂದು ದಿನ ನಡುವೆ. ಆ ದಿನ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಪ್ರವಾಸ ಮುಗಿದಿತ್ತು, ನನ್ನ ಮಾತು ಮುಗಿದಿತ್ತು. ಇನ್ನು ಅವಳನ್ನು ಕರೆಯಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಗುರುವಾರ ಬೆಳಗ್ಗೆ ಘಟಕದ ಬಾಗಿಲು ತೆಗೆದು, ಯಂತ್ರಗಳನ್ನು ಸಿದ್ಧಮಾಡುತ್ತಾ, ಮೊಳಕಾಲ್ಮುರು ಕಡೆಯ ಬಸ್ಸು ಬರುವ ಹೊತ್ತಿಗೆ ಬೇಕೆಂದೇ ಒಳಗಿನ ಕೋಣೆಗೆ ಹೋದೆ. ಬಾಗಿಲನ್ನೇ ನೋಡುತ್ತಾ ನಿಲ್ಲುವ ಧೈರ್ಯವಾಗಲಿಲ್ಲ.

"ಅಕ್ಕಾ, ಚಾಚಾ ಬಂದ್ರಾ?" ಎಂಬ ದನಿ ಕೇಳಿಸಿತು.

ಹೊರಗೆ ಬಂದೆ. ರೇಣುಕಾ ಡಯಾಲಿಸಿಸ್‌ಗೆ ಮೊದಲು ಹತ್ತುವ ತೂಕದ ಯಂತ್ರದ ಮೇಲೆ ನಿಂತಿದ್ದಳು. ನಾನು ಹೇಳುವ ಮೊದಲೇ ಚಪ್ಪಲಿ ಬಿಟ್ಟಿದ್ದಳು. ಹಿಂದೆ ಈರಮ್ಮ ನನ್ನನ್ನು ನೋಡಿ ಎರಡೂ ಕೈ ಮುಗಿದಳು. ನಾನೂ ಮುಗಿದೆ. ಯಾರು ಯಾರಿಗೆ ಮುಗಿದೆವೋ.

ಆ ಮೇಲೆ ಅವಳು ತಪ್ಪಿಸಲಿಲ್ಲ. ಮೆಹಬೂಬ್ ಭಾಯ್ ಬರುವುದು ತಡವಾದರೆ ಅವರ ಗ್ಯಾರೇಜಿಗೇ ಫೋನ್ ಮಾಡಿ ಬೈಯುತ್ತಿದ್ದಳು. ಹೊಸದಾಗಿ ಡಯಾಲಿಸಿಸ್‌ಗೆ ಬಂದು, ಮುಖ ಗೋಡೆಗೆ ತಿರುಗಿಸಿ ಮಲಗುವವರ ಪಕ್ಕ ನಾನು ಅವಳನ್ನು ಕೂರಿಸುತ್ತಿದ್ದೆ. ಅವಳು ಧೈರ್ಯ ಹೇಳುತ್ತಿರಲಿಲ್ಲ, ಬುದ್ಧಿಯನ್ನೂ ಹೇಳುತ್ತಿರಲಿಲ್ಲ. ತನ್ನ ಮೊಬೈಲನ್ನೋ ಕನ್ನಡಕವನ್ನೋ ಕೊಟ್ಟು, "ನಾನು ಮಿಷನ್ ಇಂದ ಇಳಿಯೋ ತನಕ ಇದನ್ನ ನೋಡ್ಕೊಳ್ಳಿ" ಎನ್ನುತ್ತಿದ್ದಳು, ಅಷ್ಟೇ.

ನಾನು ನಿವೃತ್ತಳಾದೆ. ಅಷ್ಟು ವರ್ಷ ನಾನು ರೋಗಿಗಳಿಗೆ, ನಿಮ್ಮನ್ನು ನಾವು ನೋಡಿಕೊಳ್ಳುತ್ತೇವೆ ಎಂದೇ ಹೇಳುತ್ತಾ ಬಂದಿದ್ದೆ. ಅದು ಸುಳ್ಳಲ್ಲ, ಆದರೆ ಅಷ್ಟೇ ಸಾಲದು. ಬರೀ ನೋಡಿಸಿಕೊಳ್ಳುವವನಾಗಿ ಬಹಳ ಕಾಲ ಮಲಗಿದ ಮನುಷ್ಯನಿಗೆ ತಾನು ಯಾರಿಗೂ ಬೇಡ ಎನಿಸಿಬಿಡುತ್ತದೆ. ಅವರ ಕೈಗೂ ಇನ್ನೊಬ್ಬರದು ಏನಾದರೂ ಕೊಡಬೇಕು, ಅವರನ್ನೂ ಯಾರಾದರೂ ಕಾಯುತ್ತಿರಬೇಕು. ಒಬ್ಬ ಲಾರಿ ಮೆಕ್ಯಾನಿಕ್, ಒಬ್ಬರು ಕಿರಾಣಿ ಅಂಗಡಿಯವರು, ಒಬ್ಬ ನೇಕಾರರ ಹುಡುಗಿ ಸೇರಿ ನನ್ನ ನೌಕರಿಯ ಕೊನೆಗಾಲದಲ್ಲಿ ನನಗೆ ಈ ಪಾಠ ಕಲಿಸಿದರು. ಆ ಋಣವನ್ನು ಹೇಗೆ ತೀರಿಸುವುದೋ ಗೊತ್ತಿಲ್ಲ.

ಸೋಮವಾರದ ಪಾಳಿಯವರು ಆ ಮೇಲೆ ಪ್ರತಿ ಚಳಿಗಾಲ ಎಲ್ಲಾದರೂ ಒಂದು ಕಡೆ ಹೋಗಿ ಬರುತ್ತಾರೆ. ಯೋಜನೆಯೆಲ್ಲ ರೇಣುಕಾಳದೇ. ಕಳೆದ ಬೇಸಿಗೆಯಲ್ಲಿ ಬೋರಣ್ಣ ತೀರಿಕೊಂಡರು, ತಳಕಿನ ಮನೆಯಲ್ಲೇ, ಶಿರಾದಿಂದ ಬಂದ ಮಗಳು ಪಕ್ಕದಲ್ಲಿರುವಾಗ. ಈ ಸಲ ಚಳಿ ಶುರುವಾದ ಕೂಡಲೇ ರೇಣುಕಾ ಫೋನ್ ಮಾಡಿದಳು. ದಿನ ಮಂಗಳವಾರವೇ, ಡಾಕ್ಟರು ಒಪ್ಪಿದ್ದಾರೆ, ಗಾಡಿ ಚಾಚಾನದೇ ಎಂದೆಲ್ಲ ಹೇಳಿದಳು. ನಾನು, ಈಗ ಬೇರೆ ಸಿಸ್ಟರ್ ಇದ್ದಾರಲ್ಲ, ನಾನು ಯಾಕೆ, ಮಂಡಿನೋವು ಬೇರೆ ಎಂದು ರಾಗ ಎಳೆದೆ.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಬೋರಣ್ಣ ಇಲ್ಲ ಅಕ್ಕಾ. ನನ್ ನೀರು ಯಾರ ಹತ್ರ ಕೊಡ್ಲಿ?" ಎಂದಳು.

ಬರುತ್ತೇನೆ ಎಂದೆ.